ಮಹಡಿ ಕೋಣೆಯ ಸಾಮಾನು

ಜೂನ್ 3

ಗುಬ್ಬೀ,

ನಿನ್ನ ಪತ್ರಿಕೆಯ ಫೋಟೋದವರು ಬಂದು ಹೋದರು. ಭಾರೀ ಮನುಷ್ಯ. ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡರು. ಊಟ ಮಾಡಿಕೊಂಡು ಹೋಗಿ ಅಂದೆ. ಅವರು ಮಾಡಿದ ಊಟ ನೋಡಿದ ಮೇಲೆ, ಬಾಯಿಮಾತಿಗೆ ಕರೆಯುವಾಗಲೂ ಮನುಷ್ಯ ಪಾತ್ರೆ ನೋಡಿ ಕರೆಯಬೇಕು ಅನ್ನಿಸಿತು. ತಮಾಷೆಗೆ ಹೇಳಿದೆ, ಅವರ ಹತ್ತಿರ ಆಡಬೇಡ.

ಗೇಟಿಗೆ ಸ್ಮಾರಕ ಸಮಿತಿಯವರು ಬೋರ್ಡು ಹಾಕಿದ ಮೇಲೆ ಜನ ಬರುವುದು ಹೆಚ್ಚಾಗಿದೆ. ‘ದೊಡ್ಡವರು ವಾಸವಾಗಿದ್ದ ಮನೆ’ ಅಂತ ಬರೆಸಿದ್ದಾರೆ. ಲೋಕಕ್ಕೆಲ್ಲಾ ಅವರು ದೊಡ್ಡವರು. ನನಗಿನ್ನೂ ಮಹಡಿಯವರೇ. ನೀನು ಸಣ್ಣವನಿದ್ದಾಗ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಬಾಗಿಲು ಹಾಕಿಕೊಂಡು ಬರೆದು, ಬರೆದದ್ದು ಮುಗಿದ ಕೂಡಲೇ ಗಾಡಿ ತರಿಸಿ ಹೊರಟುಹೋದರು. ಆ ಪುಸ್ತಕ ಇಷ್ಟು ಹೆಸರು ಮಾಡುತ್ತದೆ ಅಂತ ಯಾರಿಗೆ ಗೊತ್ತಿತ್ತು. ಈಗ ಎಲ್ಲೆಲ್ಲಿಂದಲೋ ಬರುತ್ತಾರೆ, ಚಪ್ಪಲಿ ಬಿಟ್ಟು ಮೇಲೆ ಹತ್ತುತ್ತಾರೆ, ಕಿಟಕಿಯಲ್ಲಿ ನಿಂತು ನೀರಿನ ಟ್ಯಾಂಕು ನೋಡುತ್ತಾರೆ. ಎದುರುಮನೆಯ ಟೈಲರ್ ನಿನ್ನೆ ಅಂದ: “ಅಮ್ಮಾ, ನಿಮ್ಮನೇಗೆ ಬರೋರಲ್ಲಿ ಹತ್ತಕ್ಕೊಬ್ಬರು ಪ್ಯಾಂಟ್ ಹೊಲಿಸ್ಕೊಂಡ್ರೂ ನಾನು ಬದುಕಿಬಿಡ್ತಿದ್ದೆ.”

ಫೋಟೋದವರು ಮೇಲಿದ್ದ ಸ್ಟೂಲು, ಹಿಡಿ ಇರುವ ಕನ್ನಡಿ, ಮೊಳೆಗೆ ಹಾಕಿದ ಕೋಟು, ಮೂರನ್ನೂ ಬಹಳ ಹೊತ್ತು ತೆಗೆದರು. ಗುಬ್ಬೀ, ಅವುಗಳ ಬಗ್ಗೆ ಈಗಲೇ ಏನೂ ಬರೆಯಬೇಡ. ನೀನೇ ಒಮ್ಮೆ ಬಾ. ಮೇಲೆ ಹತ್ತಿ ನೋಡು. ಆಮೇಲೆ ಬೇಕಾದ್ದು ಬರೆ. ಅಪ್ಪ ಹೋದಾಗ ಬಂದವನು ಮಧ್ಯಾಹ್ನದ ಬಸ್ಸಿಗೆ ಹೊರಟೆ. ಅದಾದ ಮೇಲೆ ಈ ಮನೆಯ ಹೊಸಿಲು ನಿನ್ನ ಕಾಲು ನೋಡಿಲ್ಲ. ಕೆಲಸ ಇರುತ್ತದೆ, ಅದಿರಲಿ.

ನಿನ್ನ ಅಮ್ಮ

ಜೂನ್ 21

ಅಮ್ಮಾ,

ನಿನ್ನ ಪತ್ರ ಕೈಗೆ ಬರುವಷ್ಟರಲ್ಲಿ ಸಂಚಿಕೆ ಅಚ್ಚಿಗೆ ಹೋಗಿತ್ತು. ಒಂದು ಪ್ರತಿ ಕಳಿಸಿದ್ದೇನೆ. ಮುಖಪುಟದಲ್ಲೇ ನಮ್ಮ ಮಹಡಿ ಕೋಣೆ ಇದೆ.

ದೊಡ್ಡವರ ಜೀವನದ ಜಾಗಗಳ ಬಗ್ಗೆ ನಾನು ಬರೆಯುತ್ತಿರುವ ಅಂಕಣಕ್ಕೆ ಇಷ್ಟು ದಿನ ಓದುಗರಿದ್ದರು, ಈಗ ಅಭಿಮಾನಿಗಳಿದ್ದಾರೆ. ಅವರು ಹುಟ್ಟಿದ ಊರು, ಓದಿದ ಶಾಲೆ, ಗುಮಾಸ್ತರಾಗಿದ್ದ ಗೋದಾಮು, ಎಲ್ಲಾ ಕಡೆ ಹೋಗಿ ಬಂದು ಬರೆದೆ. ಆದರೆ ಜನರ ಮನಸ್ಸಿಗೆ ನಾಟಿದ್ದು ಈ ಕಂತು. ಸಂಪಾದಕರು ಎದ್ದು ಬಂದು ಬೆನ್ನು ತಟ್ಟಿದರು. ಅವರಿಗೆ ಬಹಳ ಹಿಡಿಸಿದ ಭಾಗವನ್ನು ಇಲ್ಲೇ ಬರೆಯುತ್ತೇನೆ, ನಿನ್ನ ಕಣ್ಣಿಗೆ ಅಚ್ಚಿನ ಅಕ್ಷರ ಸಣ್ಣದಾಗಬಹುದು:

‘ಈ ಸ್ಟೂಲಿನ ಕಾಲಿಗೆ ಸುತ್ತಿದ ತಂತಿಯನ್ನು ನೋಡಿ. ಲೋಕದ ಸಂಪತ್ತನ್ನು ಹುಲ್ಲುಕಡ್ಡಿಯಾಗಿ ಕಂಡ ಮನಸ್ಸಿನ ಗುರುತು ಅದು. ಇದರ ಮೇಲೆ ಅವರು ಕಿಟಕಿಗೆ ಮುಖ ಮಾಡಿ ಕೂತಿರುತ್ತಿದ್ದುದನ್ನು, ಬಾಗಿಲಲ್ಲಿ ನಿಂತ ಬಾಲಕನಾಗಿ, ನಾನು ಕಣ್ಣಾರೆ ಕಂಡಿದ್ದೇನೆ. ಕೈಯಲ್ಲಿ ಈ ಕನ್ನಡಿ ಇರುತ್ತಿತ್ತು. ನೇರ ನೋಟಕ್ಕೆ ಸಿಗದ ಸತ್ಯವನ್ನು ಅವರು ಬಿಂಬದಲ್ಲಿ ಹುಡುಕುತ್ತಿದ್ದರು. ಈ ಪುಟ್ಟ ಕೋಟಿನೊಳಗೆ ಎಂಥ ದೊಡ್ಡ ಜೀವ ಇತ್ತು.’

ಇನ್ನೊಂದು ಸಂತೋಷದ ಸುದ್ದಿ. ಸಮಿತಿಯವರು ಇಲ್ಲಿ ಸ್ಮಾರಕ ಭವನ ಕಟ್ಟಿ ಮುಗಿಸಿದ್ದಾರೆ. ಆ ಮೂರು ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆಗಸ್ಟ್ ಕೊನೆಗೆ ಲಾರಿ ಬರುತ್ತದೆ. ದೊಡ್ಡವರ ಎಲ್ಲಾ ಬರಹಗಳ ಸಂಪುಟಗಳಿಗೆ ನನ್ನನ್ನೇ ಸಂಪಾದಕನನ್ನಾಗಿ ಮಾಡುತ್ತೇವೆ ಅಂದಿದ್ದಾರೆ. ‘ಅವರನ್ನು ಕಣ್ಣಾರೆ ಕಂಡವರು ಇನ್ಯಾರಿದ್ದಾರೆ’ ಅಂದರಂತೆ.

ನಿನ್ನ ಗುಬ್ಬಿ

ಜುಲೈ 2

ಗುಬ್ಬೀ,

ಲೇಖನ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಚೆನ್ನಾಗಿ ಬರೆಯುತ್ತೀಯ, ಅದರಲ್ಲಿ ಎರಡು ಮಾತಿಲ್ಲ.

ಕಣ್ಣಾರೆ ಕಂಡೆ ಅಂತ ಬರೆದಿದ್ದೀಯ.

ಸಾಮಾನು ಕೊಡುವುದಕ್ಕೆ ನನಗೆ ಮನಸ್ಸಿಲ್ಲ. ಸಮಿತಿಯವರಿಗೆ ನೀನೇ ಹೇಳಿಬಿಡು. ಮುದುಕಿ ಹಠಮಾರಿ ಅನ್ನು, ಬೇಕಾದರೆ ಅರೆಮರುಳು ಅನ್ನು, ನನಗೇನೂ ಬೇಸರವಿಲ್ಲ. ಒಮ್ಮೆ ಬಾ. ಕಾಗದದಲ್ಲಿ ಹೇಳಲು ಆಗದ ಒಂದು ಮಾತಿದೆ.

ಅಮ್ಮ

ಜುಲೈ 9

ಅಮ್ಮಾ,

ಈಗ ಬರಲು ಆಗುವುದಿಲ್ಲ. ಭವನದ ಕೆಲಸ ತಲೆಯ ಮೇಲಿದೆ.

ನಿನ್ನ ಹಠ ನನಗೆ ಅರ್ಥವಾಗುತ್ತಿಲ್ಲ. ಅವು ನಮ್ಮ ಮನೆಯಲ್ಲಿ ಉಳಿದವು ಅಂದ ಮಾತ್ರಕ್ಕೆ ನಮ್ಮವಾಗುವುದಿಲ್ಲ. ಅವು ಎಲ್ಲರ ಆಸ್ತಿ. ಅಪ್ಪನ ಸಾಮಾನಾಗಿದ್ದರೆ ನೀನು ಇಟ್ಟುಕೊಂಡರೂ ಯಾರು ಕೇಳುತ್ತಿದ್ದರು. ಒಂದು ಮಹಾಜೀವ ಮುಟ್ಟಿದ ವಸ್ತುಗಳು ನಿನ್ನ ಹಳೇ ಟ್ರಂಕು, ಮುರಿದ ಬಕೆಟ್ಟುಗಳ ಪಕ್ಕ ಧೂಳು ತಿನ್ನುವುದು ಸರಿಯೇ? ನೀನೇ ಯೋಚಿಸು.

ಗುಬ್ಬಿ

ಜುಲೈ 18

ಗುಬ್ಬೀ,

ಯೋಚಿಸಿದೆ. ಬಾ ಅಂದರೆ ನೀನು ಬರುವುದಿಲ್ಲ, ಹಾಗಾಗಿ ಕಾಗದದಲ್ಲೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡು ಓದು.

ಮಹಡಿಯವರು ಹೋಗುವಾಗ ತಮ್ಮದೆಲ್ಲವನ್ನೂ ಕಟ್ಟಿಕೊಂಡು ಹೋದರು. ದೀಪದ ಬಲ್ಬನ್ನೂ ಬಿಚ್ಚಿಕೊಂಡರು. ಗೋಡೆಯಲ್ಲಿ ಒಂದು ಮೊಳೆ ಉಳಿಯಿತು, ಅದು ಮೊದಲೇ ನಮ್ಮದು. ಅವರು ಕೆಟ್ಟವರಾಗಿರಲಿಲ್ಲ. ತಡವಾಗಿ ಏಳುವರು, ಬೀದಿಗೆಲ್ಲಾ ಕೇಳುವ ಹಾಗೆ ಸೀನುವರು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರದವರು. ಅಷ್ಟೇ ನನಗೆ ಗೊತ್ತು.

ಆ ಕೋಣೆಯಲ್ಲಿ ಈಗಿರುವುದು ನಿಮ್ಮಪ್ಪನ ಸಾಮಾನು.

ನಿಮ್ಮಪ್ಪ ನೀರಿನ ಮೀಟರ್ ಓದುತ್ತಿದ್ದರು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಸ್ನೇಹಿತರಿಗೆ ನೀನು ‘ಕಚೇರಿಯಲ್ಲಿದ್ದಾರೆ’ ಅನ್ನುತ್ತಿದ್ದೆ, ಅದೂ ಗೊತ್ತು. ನೀನು ಹಾಸ್ಟೆಲಿಗೆ ಹೋದ ಮೇಲೆ ಅವರು ಯಾರದೋ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತು. ಮೀಟರುಗಳಿರುವುದು ನೆಲದ ಗುಂಡಿಯಲ್ಲಿ, ಇವರಿಗೆ ಬಗ್ಗಲು ಬಾರದು. ಆಗ ನನ್ನ ಒಡೆದ ಕನ್ನಡಿಯ ಒಂದು ಚೂರಿನ ಅಂಚು ಉಜ್ಜಿ, ಹಳೆಯ ಸೌಟಿನ ಹಿಡಿಗೆ ಕಟ್ಟಿಕೊಟ್ಟೆ. ಮನೆಯ ಸ್ಟೂಲನ್ನು ಸೈಕಲ್ಲಿನ ಹಿಂದೆ ಬಿಗಿದುಕೊಂಡು ಹೋಗಿ, ಗುಂಡಿಯ ಪಕ್ಕ ಕೂತು, ಕನ್ನಡಿ ಒಳಗೆ ಇಳಿಸಿ ಓದುವರು. ತಿರುಗುಮುರುಗಾಗಿ ಕಾಣುವ ಅಂಕಿಗಳನ್ನು ಓದಿ ಓದಿ ಕೊನೆಗೆ ನೆಟ್ಟಗಿರುವ ಅಂಕಿ ಓದಲು ತಡವರಿಸುತ್ತಿದ್ದರು. ಸ್ಟೂಲು, ಕನ್ನಡಿ ನೋಡಿ ಬೀದಿಯ ಮಕ್ಕಳು “ಕಟಿಂಗ್ ಮಾಡ್ತೀರಾ?” ಅಂತ ಕೂಗುತ್ತಿದ್ದರಂತೆ. ಇವರು “ಬಾ, ಕಿವಿ ಸಮೇತ ಮಾಡ್ತೀನಿ” ಅನ್ನುವರು. ಮನೆಗೆ ಬಂದು ಹೇಳಿ ನಗುವರು.

ಅವರು ಹೋದ ಮೇಲೆ ಇವೆಲ್ಲಾ ಕಣ್ಣೆದುರಿದ್ದರೆ ನನಗೆ ಕೆಲಸ ಸಾಗುತ್ತಿರಲಿಲ್ಲ. ಅದಕ್ಕೆ ಮೇಲಿಟ್ಟೆ. ಕೋಟನ್ನು ಮೊಳೆಗೆ ಹಾಕಿದೆ, ಸ್ಟೂಲನ್ನು ಕಿಟಕಿಯ ಕೆಳಗಿಟ್ಟು ಅದರ ಮೇಲೆ ಕನ್ನಡಿ ಇಟ್ಟೆ.

ಮೊದಲು ಬಂದವಳು ಒಬ್ಬ ನರ್ಸಮ್ಮ. ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ, ಬರೀ ಆ ಕೋಣೆ ನೋಡಲು ಬಂದಿದ್ದಳು. ಅವಳ ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಪುಸ್ತಕವನ್ನೇ ಓದಿ ಹೇಳುತ್ತಿದ್ದಳಂತೆ. ಮುಗಿಯುವ ಮೊದಲು ಅವನು ಮುಗಿದ. ಮೇಲೆ ಹೋದವಳು ಖಾಲಿ ಗೋಡೆ ನೋಡಿದಳು. ಆಮೇಲೆ ಸ್ಟೂಲಿನ ಅಂಚಿನ ಮೇಲೆ ಬೆರಳಿಟ್ಟು “ಇದು ದೊಡ್ಡವರದ್ದಾ ಅಮ್ಮ?” ಅಂತ ಕೇಳಿದಳು. ಇಲ್ಲ ಅನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಹೂಂ ಅಂದುಬಿಟ್ಟೆ. ಅವಳು ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತಳು. ಹೋಗುವಾಗ ಹಗುರಾಗಿದ್ದಳು.

ಅಲ್ಲಿಗೇ ನಿಂತಿದ್ದರೆ ಕರುಣೆಯಿಂದ ಹೇಳಿದ ಸುಳ್ಳು ಅನ್ನಬಹುದಿತ್ತು. ಆದರೆ ಮುಂದೆ ಬಂದವರಿಗೂ ಹೂಂ ಅಂದೆ. ಆಮೇಲೆ ಕೇಳದಿದ್ದವರಿಗೂ ನಾನೇ ತೋರಿಸಿದೆ. ಯಾಕೆ ಗೊತ್ತೇ? ಒಬ್ಬ ಜಡ್ಜು ಬಂದಿದ್ದರು. ಆ ಕೋಟಿನ ಮುಂದೆ ಕೈಕಟ್ಟಿ, ತಲೆ ಬಗ್ಗಿಸಿ ನಿಂತರು. ಅದೇ ಜಡ್ಜಿನಂಥವರ ಬಂಗಲೆಗಳ ಗೇಟಿನಲ್ಲಿ ನಿಮ್ಮಪ್ಪ “ಮೀಟರ್” ಅಂತ ಕೂಗಿ, ನಾಯಿ ಕಟ್ಟುವ ತನಕ ಬಿಸಿಲಲ್ಲಿ ಕಾಯುತ್ತಿದ್ದರು. ಬದುಕಿದ್ದಾಗ ಒಬ್ಬರೂ ಅವರ ಮುಂದೆ ತಲೆ ಬಗ್ಗಿಸಲಿಲ್ಲ. ಈಗ ಬಗ್ಗಿಸುತ್ತಿದ್ದರು. ನನಗೆ ಅದು ಸಿಹಿ ಅನ್ನಿಸಿತು ಗುಬ್ಬೀ. ಸುಳ್ಳು ಹೇಳಿದ್ದಕ್ಕಿಂತ ಆ ಸಿಹಿಗೇ ನನಗೆ ಹೆಚ್ಚು ನಾಚಿಕೆ. ಒಬ್ಬ ಪ್ರೊಫೆಸರು ಕೋಟು ನೋಡಿ “ಇಷ್ಟು ಚಿಕ್ಕ ದೇಹ, ಅಷ್ಟು ದೊಡ್ಡ ಪುಸ್ತಕ” ಅಂದರು. ಫೋಟೋದಲ್ಲಿ ಮಹಡಿಯವರು ಯಾವಾಗಲೂ ಕೂತೇ ಇರುತ್ತಾರೆ, ಎತ್ತರ ಯಾರಿಗೆ ತಿಳಿಯಬೇಕು. ನಾನು ಒಳಗೊಳಗೇ ನಕ್ಕೆ. ನಗಬಾರದಿತ್ತು.

ಇದೆಲ್ಲಾ ನನ್ನ ಪಾಲಿನದು. ಇನ್ನು ನಿನ್ನದು. ಕೋಟು, ಕನ್ನಡಿ ನೀನು ಸರಿಯಾಗಿ ನೋಡಿರಲಾರೆ, ಒಪ್ಪಿದೆ. ಆದರೆ ಆ ಸ್ಟೂಲು? ಅದರ ಮೇಲೆ ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ ನಿಮ್ಮಪ್ಪನೇ ನಿನ್ನ ಕೂದಲು ಕತ್ತರಿಸುತ್ತಿದ್ದರು. ನೀನು ಅಲುಗಾಡಿ ಅಲುಗಾಡಿ ಅದರ ಕಾಲು ಸಡಿಲವಾಯಿತು. ಆ ತಂತಿ ಸುತ್ತಿದ್ದು ಅದಕ್ಕೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿನಗದು ಹಿತ್ತಲ ಗಿಡ ಅಂತಲೂ ಗುರುತು ಸಿಗಲಿಲ್ಲ.

ನಿನ್ನ ಅಮ್ಮ

ಆಗಸ್ಟ್ 10

ಗುಬ್ಬೀ,

ನಿನ್ನಿಂದ ಉತ್ತರವಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ ಅವನು ಈಗ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ನಿನ್ನೆ ಸಮಿತಿಯ ಕಾರ್ಯದರ್ಶಿ ಟೇಪು ಹಿಡಿದು ಬಂದರು. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಅಂತ ಅವರ ಹಿಂದೆಯೇ ಮೇಲೆ ಹತ್ತಿದೆ.

“ಅಮ್ಮಾ, ಸ್ಟೂಲ್ ಸ್ವಲ್ಪ ಹಿಡ್ಕೊಳ್ಳಿ, ಗಾಜಿನವನು ಅಳತೆ ಕೇಳ್ತಿದ್ದಾನೆ.”

“ಅಳತೆ ಬೇಡ ಕಾರ್ಯದರ್ಶಿಗಳೇ. ಇದು ದೊಡ್ಡವರದ್ದಲ್ಲ, ನಮ್ಮ ಯಜಮಾನರದ್ದು.”

ಅವರು ಟೇಪು ಬಿಡಲಿಲ್ಲ. “ಎಲ್ಲಾ ಕಡೆ ಇದೇ ಕಥೆ. ಕೊಡೋ ಹೊತ್ತಿಗೆ ಎಲ್ಲರಿಗೂ ತಮ್ಮದೇ ಅನ್ನಿಸುತ್ತೆ. ಹೋದ ತಿಂಗಳು ಗೋದಾಮಿನವರು ಕುರ್ಚಿ ಕೊಡಲ್ಲ ಅಂದ್ರು, ನಮ್ಮ ತಾತಂದು ಅಂದ್ರು.”

“ಅದು ಅವರ ತಾತಂದೇ ಇರಬಹುದು. ನಾನು ಬಂದವರಿಗೆಲ್ಲಾ ಸುಳ್ಳು ಹೇಳಿದ್ದೆ ಕಣಪ್ಪಾ. ಈ ಕೋಟು ನೋಡಿ, ಆ ಎತ್ತರದ ಮನುಷ್ಯರ ಮೊಣಕೈಗೂ ಬರಲ್ಲ.”

“ಹಳೇ ಬಟ್ಟೆ, ಕುಗ್ಗುತ್ತೆ.”

“ಬಟ್ಟೆ ಕುಗ್ಗುತ್ತೆ, ಹೆಗಲು ಕುಗ್ಗುತ್ತಾ?”

ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: “ನೋಡಿ ಅಮ್ಮ, ನಿಮಗೆ ವಯಸ್ಸಾಯ್ತು, ಮರೆವು ಸಹಜ. ನಿಮ್ಮ ಮಾತು ಬಿಡಿ. ನಿಮ್ಮ ಮಗನೇ ಕಣ್ಣಾರೆ ಕಂಡಿದ್ದಾರಲ್ಲ. ಅಚ್ಚಾಗಿದೆ.”

“ಅಚ್ಚಾದದ್ದೆಲ್ಲಾ ನಿಜವಾ?”

“ನಿಜ ಅಲ್ಲದೆ ಹೋದ್ರೆ ಯಾಕೆ ಅಚ್ಚು ಹಾಕ್ತಾರೆ?”

ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ಈಗ ನಿಜ ಹೇಳಿದರೆ ಮರೆವು ಅನ್ನುತ್ತಾರೆ. ನನ್ನ ಮಾತಿಗೆ ನಿನ್ನ ಮಾತು ಬೀಗ ಹಾಕಿದೆ. ಬೀಗದ ಕೈ ನಿನ್ನ ಹತ್ತಿರ ಇದೆ.

ಅಮ್ಮ

ಆಗಸ್ಟ್ 16

ಅಮ್ಮಾ,

ಬರೆದು ಬರೆದು ಹರಿದೆ. ಇದನ್ನೂ ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆ.

ನಿನ್ನ ಪತ್ರ ಓದಿದ ದಿನ ಕಚೇರಿಗೆ ಹೋಗಲಿಲ್ಲ. ಮುಖಪುಟದ ಚಿತ್ರವನ್ನು ಮುಂದಿಟ್ಟುಕೊಂಡು ಕೂತೆ. ತಂತಿ ನೋಡಿದೆ. ಕೂದಲು ಕತ್ತರಿಸುವಾಗ ಅಪ್ಪ ನನ್ನ ತಲೆಯನ್ನು ಎರಡು ಬೆರಳಿನಿಂದ ಅತ್ತಿತ್ತ ತಿರುಗಿಸುತ್ತಿದ್ದದ್ದು ನೆನಪಾಯಿತು. ಆ ಕೋಟನ್ನು ಹಾಕಿಕೊಂಡ ಅಪ್ಪನನ್ನು ನೆನೆಯಲು ನೋಡಿದೆ. ಆಗಲಿಲ್ಲ. ಕೋಟು ಬರುತ್ತದೆ, ಒಳಗೆ ಅಪ್ಪ ಬರುವುದಿಲ್ಲ.

ಆದರೆ ಅಮ್ಮಾ, ಒಂದು ಮಾತು. ಇದರಿಂದ ಯಾರಿಗೆ ನಷ್ಟ? ನಾನೀಗ ಬಾಯಿಬಿಟ್ಟರೆ ಸಂಪುಟಗಳ ಕೆಲಸ ಹೋಗುತ್ತದೆ, ಅಂಕಣ ನಿಲ್ಲುತ್ತದೆ. ಈವರೆಗೆ ಬರೆದದ್ದನ್ನೆಲ್ಲಾ ಜನ ಅನುಮಾನಿಸುತ್ತಾರೆ. ಸುಮ್ಮನಿದ್ದರೆ ಅಪ್ಪನ ಸಾಮಾನು ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ ಇರುತ್ತದೆ. ನೂರಾರು ಜನ ತಲೆ ಬಗ್ಗಿಸುತ್ತಾರೆ. ನಿನಗೇ ಸಿಹಿ ಅನ್ನಿಸಿತು ಅಂದೆಯಲ್ಲ. ಅದೇ ಮುಂದುವರಿಯಲಿ ಬಿಡು. ಅಪ್ಪನಿಗೆ ನಾವು ಕೊಡಲಾಗದ ಗೌರವ ಅದು.

ಗುಬ್ಬಿ

ಆಗಸ್ಟ್ 22

ಗುಬ್ಬೀ,

ಗೌರವ ಅಂದೆಯಾ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುತ್ತಾರಲ್ಲ, ಅದರಲ್ಲಿ ಯಾರ ಹೆಸರು ಇರುತ್ತದೆ?

ಬಂದವರಿಗೆ ಹೂಂ ಅಂದಾಗೆಲ್ಲಾ ನಿಮ್ಮಪ್ಪನನ್ನು ಒಂದೊಂದು ಚೂರು ಬೇರೆಯವರಿಗೆ ಕೊಡುತ್ತಾ ಬಂದೆ. ಆದರೂ ಬಂದವರು ಹೋದ ಮೇಲೆ ಬಾಗಿಲು ಹಾಕಿದರೆ ಅವು ಮತ್ತೆ ಅವರದ್ದಾಗುತ್ತಿದ್ದವು. ಲಾರಿ ಹತ್ತಿದ ಮೇಲೆ ಆಗುವುದಿಲ್ಲ.

ನಾನು ಬೀಗ ಹಾಕುವುದಿಲ್ಲ, ಅಡ್ಡ ಮಲಗುವುದಿಲ್ಲ. ನಿನ್ನ ಮಾನ ಹೋಗಲಿ ಅಂತ ಹೆತ್ತವಳು ಕೇಳುವುದುಂಟೇ? ಆದರೆ ನೀನು ಸುಮ್ಮನಿರು ಅಂದದ್ದಕ್ಕೆ ನಾನು ಒಪ್ಪಿದೆ ಅಂತ ಮಾತ್ರ ತಿಳಿಯಬೇಡ.

ಅಮ್ಮ

ಸೆಪ್ಟೆಂಬರ್ 1

ಅಮ್ಮಾ,

ಸಾಮಾನು ಸುರಕ್ಷಿತವಾಗಿ ಬಂದಿದೆ. ಲಾರಿಯ ಜೊತೆ ನಾನೇ ಬರಬೇಕೆಂದಿದ್ದೆ, ಕಚೇರಿಯಲ್ಲಿ ಬಿಡಲಿಲ್ಲ. ಇಲ್ಲ, ಅದು ಸುಳ್ಳು. ಬಿಡುತ್ತಿದ್ದರು. ನಾನು ಕೇಳಲಿಲ್ಲ.

ಹದಿನಾಲ್ಕನೇ ತಾರೀಕು ಭವನದ ಉದ್ಘಾಟನೆ. ನೀನು ಬರಬೇಡ. ಅಷ್ಟು ದೂರ ಬಸ್ಸಿನಲ್ಲಿ ನಿನಗೆ ತ್ರಾಸ, ಗದ್ದಲ ಬೇರೆ.

ಗುಬ್ಬಿ

ಸೆಪ್ಟೆಂಬರ್ 16

ಅಮ್ಮಾ,

ನೀನು ಯಾಕೆ ಹೇಳದೇ ಬಂದೆ, ಯಾಕೆ ಹೇಳದೇ ಹೋದೆ? ಭವನದ ಗೇಟಿನ ತನಕ ಓಡಿ ಬಂದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ನೀನು ಎಲ್ಲಿಯವರೆಗೆ ಇದ್ದೆಯೋ, ಏನು ಕೇಳಿಸಿಕೊಂಡೆಯೋ ನನಗೆ ಗೊತ್ತಿಲ್ಲ. ಆದ್ದರಿಂದ ಎಲ್ಲಾ ಬರೆಯುತ್ತೇನೆ.

ಹಗ್ಗ ಕಟ್ಟಿ ಸಾಲು ಮಾಡಿದ್ದರು. ನಾನು ಗಾಜಿನ ಪೆಟ್ಟಿಗೆಯ ಮುಂದೆ ಹೊಸ ಕೋಟು ಹಾಕಿಕೊಂಡು ವಿವರಿಸುತ್ತಿದ್ದೆ. ಮುಖ್ಯ ಅತಿಥಿಗಳು ಉತ್ಸಾಹದ ಹೆಂಗಸು. “ಆ ಕನ್ನಡೀನ ಅವರು ಹೇಗೆ ಹಿಡ್ಕೋತಿದ್ರು ಅಂತ ಸ್ವಲ್ಪ ತೋರಿಸಿ, ನೀವು ನೋಡಿದ್ದೀರಲ್ಲ” ಅಂದರು. ಕಾರ್ಯದರ್ಶಿ ಪೆಟ್ಟಿಗೆ ತೆಗೆಸಿ ಕೈಗೆ ಕೊಟ್ಟರು. ಸೌಟಿನ ಹಿಡಿ ಮುಟ್ಟಿದರೆ ಬೆರಳಿನಿಂದ ಸವೆದ ತಗ್ಗು. ನನ್ನ ಹೆಬ್ಬೆರಳು ಅದರೊಳಗೆ ಸರಿಯಾಗಿ ಕೂತಿತು. ಹೇಗೆ ಹಿಡಿಯಬೇಕೆಂದು ತಿಳಿಯದೆ ಮುಖದ ಮುಂದೆ ಎತ್ತಿದೆ. ಫೋಟೋದವರು “ಸ್ವಲ್ಪ ವಾರೆ” ಅಂದರು. ವಾರೆ ಮಾಡಿದೆ. ನನ್ನ ಹಿಂದಿನ ಸಾಲು ಅದರಲ್ಲಿ ಕಂಡಿತು. ಸಾಲಿನಲ್ಲಿ, ಚಪ್ಪಲಿ ಬಿಟ್ಟು, ಎಲ್ಲರ ಹಾಗೆ ನೀನು ನಿಂತಿದ್ದೆ. ಪಕ್ಕದ ಪೆಟ್ಟಿಗೆಯಲ್ಲಿದ್ದ ಕೋಟಿನ ಕಡೆ ನಿನ್ನ ಕೈ ಹೋಯಿತು. ಕಾವಲಿನವನು “ಅಜ್ಜೀ, ಗಾಜು ಮುಟ್ಟಬೇಡಿ, ಕಲೆ ಆಗುತ್ತೆ” ಅಂದ. ನೀನು ಕೈ ಹಿಂದೆ ತೆಗೆದುಕೊಂಡು “ತಪ್ಪಾಯ್ತಪ್ಪಾ” ಅಂದೆ.

ಅಪ್ಪನ ಕೋಟು ಮುಟ್ಟಲು ಹೋದದ್ದಕ್ಕೆ ನೀನು ತಪ್ಪಾಯಿತು ಅಂದೆ ಅಮ್ಮ. ನಾನು ಅಲ್ಲೇ ನಿಂತಿದ್ದೆ.

ಮುಖ್ಯ ಅತಿಥಿಗಳು ಕೇಳಿದರು: “ಇದರಲ್ಲಿ ಅವರು ಏನು ನೋಡ್ತಿದ್ರು?”

“ನೀರಿನ ಮೀಟರ್” ಅಂದೆ.

ಎಲ್ಲರೂ ನಕ್ಕರು. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ನಕ್ಕರು. “ನಮ್ಮ ಸಂಪಾದಕರು ಬಹಳ ತಮಾಷೆ” ಅಂದರು. ನಾನು ಮತ್ತೆ ಹೇಳಿದೆ: “ನಮ್ಮಪ್ಪ ನೀರಿನ ಮೀಟರ್ ಓದ್ತಿದ್ರು. ಇದು ಅವರ ಕನ್ನಡಿ. ಸ್ಟೂಲೂ ಅವರದ್ದೇ, ಕೋಟೂ ಅವರದ್ದೇ. ದೊಡ್ಡವರು ಕೂತಿದ್ದನ್ನ ನಾನು ನೋಡಿಲ್ಲ. ಸುಳ್ಳು ಬರೆದೆ.” ನಗು ಒಮ್ಮೆಗೇ ನಿಲ್ಲಲಿಲ್ಲ. ಒಲೆಯಿಂದ ಇಳಿಸಿದ ನೀರಿನ ಕುದಿಯ ಹಾಗೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆದು ಆಮೇಲೆ ನಿಂತಿತು. ಒಬ್ಬ ಮುದುಕರು ಮಾತ್ರ ಆಗ ತಾನೇ ಕಳಚಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡು ಹೊರಗೆ ಹೋದರು. ಅದು ನನಗೆ ಬೈದದ್ದಕ್ಕಿಂತ ಹೆಚ್ಚಾಗಿ ತಾಗಿತು.

ಕಾರ್ಯದರ್ಶಿ ನನ್ನ ಮೊಣಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಕೇಳಿದ ಮಾತುಗಳನ್ನು ನಿನಗೆ ಬರೆಯಲಾರೆ, ಆದರೆ ಅವರು ಅಂದದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಸಂಪುಟಗಳ ಕೆಲಸ ಹೋಯಿತು. ಅಂಕಣ ನಿಂತಿತು. ಪತ್ರಿಕೆಯಲ್ಲಿ ತಿದ್ದುಪಡಿ ಬರುತ್ತದೆ, ಅದನ್ನು ನಾನೇ ಬರೆದುಕೊಟ್ಟಿದ್ದೇನೆ. ಕಚೇರಿಯಲ್ಲಿ ಈಗ ನಾನು ಹೋದಲ್ಲೆಲ್ಲಾ ಮಾತು ನಿಲ್ಲುತ್ತದೆ. ತಲೆ ಎತ್ತಿ ನಡೆಯಲು ಆಗುತ್ತಿಲ್ಲ. ಹೇಳಿದ್ದಕ್ಕೆ ಹಗುರಾಗಿದೆ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಆಗಿಲ್ಲ. ನಾನು ಹೇಳಿದ್ದು ನೀನು ಕನ್ನಡಿಯಲ್ಲಿ ಕಂಡೆ ಅಂತ. ನೀನು ಕಾಣದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ.

ಇವತ್ತು ಮೇಜಿನ ಮೇಲೆ ನನ್ನ ಹಳೆಯ ಟಿಪ್ಪಣಿಗಳನ್ನು ಕಟ್ಟಿಡುತ್ತಿದ್ದೆ. ದೊಡ್ಡವರು ಯಾವ ಮರದ ಕೆಳಗೆ ಕೂತರು, ಯಾವ ಅಂಗಡಿಯಲ್ಲಿ ಶಾಯಿ ಕೊಂಡರು, ಯಾವ ಬೀದಿಯಲ್ಲಿ ಸಂಜೆ ನಡೆದರು, ಎಲ್ಲಾ ನನಗೆ ಗೊತ್ತು. ಅಪ್ಪ ಹುಟ್ಟಿದ್ದು ಯಾವ ಊರಲ್ಲಿ ಅಮ್ಮ? ಬೆಳಿಗ್ಗೆ ಸೈಕಲ್ ಹತ್ತಿದರೆ ಯಾವ ಬೀದಿಯಿಂದ ಶುರು ಮಾಡುತ್ತಿದ್ದರು?

ನಿನ್ನ ಗುಬ್ಬಿ

ಸೆಪ್ಟೆಂಬರ್ 29

ಗುಬ್ಬೀ,

ನೀನು ಹೇಳಿದ್ದು ಕೇಳಿಸಿತು. ಕೊನೆಯ ಮಾತಿನ ತನಕ ಅಲ್ಲೇ ಇದ್ದೆ. ‘ಸುಳ್ಳು ಬರೆದೆ’ ಅಂದೆಯಲ್ಲ, ಆಗ ನಾನು ಮುಂದೆ ಬಂದು ‘ಮೊದಲು ಸುಳ್ಳು ಹೇಳಿದವಳು ನಾನು’ ಅನ್ನಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಜನರ ಮುಖ ನೋಡಿ ಕಾಲು ಬಾಗಿಲ ಕಡೆಗೆ ತಿರುಗಿತು. ನನ್ನ ಪಾಲಿನ ಅವಮಾನವನ್ನೂ ನಿನ್ನ ತಲೆಯ ಮೇಲೆ ಇಳಿಸಿ ಬಸ್ಸು ಹತ್ತಿದೆ. ನಿನಗೆ ಬುದ್ಧಿ ಹೇಳಿದ ಬಾಯಿ ಅಲ್ಲಿ ತೆರೆಯಲಿಲ್ಲ. ಕಾರ್ಯದರ್ಶಿಗಳಿಗೆ ಕಾಗದ ಬರೆದು ಎಲ್ಲಾ ತಿಳಿಸಿದ್ದೇನೆ, ಆದರೆ ಕಾಗದದ ಹಿಂದೆ ನಿಂತು ಹೇಳುವುದು ಸುಲಭ ಅಂತ ನನಗೂ ಗೊತ್ತು.

ಅವರು ಮೊನ್ನೆ ಸಾಮಾನು ತಂದುಕೊಟ್ಟರು. ಗೇಟಿನ ಹೊರಗೇ ಇಳಿಸಿದರು, ಒಳಗೆ ಬರಲಿಲ್ಲ. ಈಗ ಅವು ಕೆಳಗೆ ನನ್ನ ಕೋಣೆಯಲ್ಲಿವೆ. ಬೋರ್ಡು ಹಾಗೇ ಇದೆ, ಮಹಡಿಯವರು ಇಲ್ಲಿದ್ದದ್ದು ನಿಜವಲ್ಲ ಅನ್ನುವ ಹಾಗಿಲ್ಲ. ಯಾರಾದರೂ ಬಂದರೆ ಖಾಲಿ ಕೋಣೆ ತೋರಿಸುತ್ತೇನೆ. ನಿನ್ನೆ ಬಂದವರು “ಏನೂ ಉಳಿದಿಲ್ವಾ?” ಅಂದರು. ಇಲ್ಲ ಅಂದೆ. ಅವರು ಕಿಟಕಿಯಿಂದ ಟ್ಯಾಂಕು ನೋಡಿಕೊಂಡು ಹೋದರು. ಅದೂ ಸಾಲುತ್ತದೆ ಕೆಲವರಿಗೆ.

ಹುಟ್ಟಿದ ಊರು ನನಗೆ ಗೊತ್ತು, ಬಂದಾಗ ಕರೆದುಕೊಂಡು ಹೋಗುತ್ತೇನೆ. ಆದರೆ ಯಾವ ಬೀದಿಯಿಂದ ಶುರು ಮಾಡುತ್ತಿದ್ದರು ಅಂತ ಕೇಳಿದೆಯಲ್ಲ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಷ್ಟು ವರ್ಷ ಒಟ್ಟಿಗೆ ಇದ್ದೆ. ಸೈಕಲ್ಲು ಮೂಲೆ ತಿರುಗುವ ತನಕ ನೋಡುತ್ತಿದ್ದೆ, ಆಮೇಲೆ ಅವರು ಎಡಕ್ಕೆ ಹೋದರೋ ಬಲಕ್ಕೆ ಹೋದರೋ ಒಂದು ದಿನ ಕೇಳಲಿಲ್ಲ. ಸಂಜೆ ಪ್ಯಾಂಟಿನ ಮಣ್ಣು ನೋಡಿ ಬೈಯುವುದು ಮಾತ್ರ ಮಾಡಿದೆ.

ಅದಕ್ಕೇ ನಿನ್ನೆ ಚಪ್ಪಲಿ ಮೆಟ್ಟಿ ಹೊರಟೆ. ಮೂಲೆ ತಿರುಗಿದ ಕೂಡಲೇ ಸಿಗುವ ಬೀದಿಯಲ್ಲಿ ಒಂದೊಂದೇ ಗೇಟು ತಟ್ಟಿದೆ. ‘ಸ್ಟೂಲು, ಕನ್ನಡಿ ತರುತ್ತಿದ್ದ ಮೀಟರಿನವರು ನೆನಪಿದ್ದಾರಾ?’ ಅಂತ ಕೇಳಿದೆ. ಹೆಚ್ಚಿನವರು ಹೊಸಬರು. ಒಬ್ಬರು ನಾನೇ ಮೀಟರ್ ಓದಲು ಬಂದೆ ಅಂದುಕೊಂಡು ಗುಂಡಿಯ ಮುಚ್ಚಳ ತೆಗೆದರು. ಕೊನೆಗೆ ಕಬ್ಬಿಣದ ಗೇಟಿನ ಮನೆಯ ಮುದುಕಿ, ನನ್ನದೇ ವಯಸ್ಸು, ತಟ್ಟನೆ ಅಂದಳು: “ಓ, ಅವರಾ. ನಮ್ಮನೇಗೆ ಬಿಸಿಲು ಏರಿದ ಮೇಲೆ ಬರೋರು. ಮಧ್ಯಾಹ್ನದ ಹತ್ರ. ಅಂದ್ರೆ ಈ ಬೀದಿ ಮೊದಲಲ್ಲ ಕಣಮ್ಮ, ನಡುವಿನದ್ದು.” ಗೇಟು ಹಿಡಿದುಕೊಂಡೇ ಮತ್ತೆ ಅಂದಳು: “ಗುಂಡಿ ಹತ್ರ ಕೂತು ಓದ್ಕೊಂಡು ಹೋಗೋರು. ನಮ್ಮ ನೀರೆಲ್ಲಾ ಅಳೆದೋರಿಗೆ ಒಂದು ಲೋಟ ನೀರು ಬೇಕಾ ಅಂತ ನಾನು ಕೇಳಿದ ನೆನಪಿಲ್ಲ.” ಅವಳು ನೆಲ ನೋಡಿದಳು, ನಾನೂ ನೋಡಿದೆ. ಆಮೇಲೆ ಒಳಗೆ ಕರೆದಳು. ಹೋಗಿ ಕೂತು, ನೀರು ಕುಡಿದು ಬಂದೆ.

ಇನ್ನೂ ಎಷ್ಟೋ ಬೀದಿಗಳಿವೆ, ನಾನೊಬ್ಬಳೇ ಮುಗಿಸಲಾರೆ. ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ. ಎಡಗಡೆಯ ಮನೆಗಳನ್ನು ನೀನು ಕೇಳು, ಬಲಗಡೆಯವನ್ನು ನಾನು ಕೇಳುತ್ತೇನೆ.

ನಿನ್ನ ಅಮ್ಮ